ಮೂಗಿನ ನೇರಕ್ಕೆ

ಹೊಗೆಯದೋ, ಸಿಹಿಯದೋ, ಎಂದ ಟಾರ್ಕಿಲ್.
ಕೈ ಆಗಲೇ ಮೇಲಿನ ಹಲಗೆಗೆ ಹೋಗಿತ್ತು.
ಅವನ ಅಂಗಡಿಯಲ್ಲಿ ಮುನ್ನೂರು ಸೀಸೆ,
ಒಂದೊಂದರ ಕುತ್ತಿಗೆಗೂ ಕಟ್ಟಿದ ಚೀಟಿ:
ಜೇನುಮೇಣ, ಒಣದ್ರಾಕ್ಷಿ, ಒದ್ದೆ ಹಗ್ಗ,
ಆಸ್ಪತ್ರೆಯ ಬ್ಯಾಂಡೇಜು, ಅಜ್ಜಿಯ ಕಪಾಟು.
ಯಾರ ಅಜ್ಜಿ ಅಂತ ನಾನು ಕೇಳಲಿಲ್ಲ.

ನೀರಿಲ್ಲ, ಐಸಿಲ್ಲ, ಹಾಗೇ ಕುಡಿಯುವುದಕ್ಕೆ, ಅಂದೆ.
ಅಪ್ಪನಿಗೆ. ಶುಕ್ರವಾರಕ್ಕೆ ಎಪ್ಪತ್ತೊಂಬತ್ತು.
ಓ, ಫಾರ್ಕರ್‌ಗಾ, ಅಂದವನ ಕೈ
ಹಲಗೆಯ ಮೇಲೇ ನಿಂತಿತು.

ಸ್ಪೇ ನದಿಯ ಈ ದಂಡೆಯಲ್ಲಿ ಎಲ್ಲರಿಗೂ ಗೊತ್ತು.
ಎರಡು ಚಳಿಗಾಲದ ಹಿಂದೆ ಒಂದು ಜ್ವರ ಬಂದು
ಹೋಗುವಾಗ ವಾಸನೆಗಳನ್ನೆಲ್ಲ ಗಂಟುಕಟ್ಟಿ ಒಯ್ದಿತು.
ರೊಟ್ಟಿ ಸೀದರೂ ತಿಳಿಯದು ಅಪ್ಪನಿಗೆ.
ಗ್ಯಾಸ್ ಸೋರಿದರೂ.
ನಲವತ್ತಾರು ವರ್ಷ ಪೀಪಾಯಿ ಕಟ್ಟಿದವನು,
ಓಕ್ ಹಲಗೆ ಸುಡುವಾಗ ಗಡಿಯಾರ ನೋಡದೆ
ಮೂಗಿನಿಂದಲೇ ‘ಸಾಕು’ ಅನ್ನುತ್ತಿದ್ದವನು.
ಗಿರಾಕಿಯ ಮೂಗಿಗೆ ತುಪ್ಪ ಸವರುವುದು
ಟಾರ್ಕಿಲ್‌ನ ಕಸುಬು.
ಮೂಗೇ ಸತ್ತವನಿಗೆ ಏನು ಸವರುತ್ತಾನೆ?

ಹಾಗಾದರೆ ಅಗ್ಗದ್ದೇ ಒಯ್ಯಿ, ಅಂದ ಮೆಲ್ಲಗೆ.
ಕೆಟ್ಟ ಮನಸ್ಸಿನಿಂದಲ್ಲ, ನನ್ನ ದುಡ್ಡು ಉಳಿಸಲಿಕ್ಕೆ.
ನನಗೆ ಸಿಟ್ಟು ನೆತ್ತಿಗೇರಿತು.
ಗಾಜಿನ ಬೀರುವಿನಲ್ಲಿ ಮೂವತ್ತು ವರ್ಷದ್ದೊಂದು,
ಶಾಲೆಯ ಬಸ್ಸು ಓಡಿಸುವ ನನಗೆ ಎರಡು ವಾರದ ಸಂಬಳ.
ಅದನ್ನೇ ತೆಗಿ, ಅಂದೆ. ತೆಗೆದ.
ಹಿಡಿದು ನೋಡಿ ವಾಪಸು ಕೊಟ್ಟೆ.
ಕೊಂಡಿದ್ದರೆ ಅದು ಅಪ್ಪನಿಗಲ್ಲ,
ಟಾರ್ಕಿಲ್‌ಗೆ ತೋರಿಸಲು ಕೊಂಡಂತಾಗುತ್ತಿತ್ತು.

ಕೊನೆಗೆ ಐದು ಪುಟ್ಟ ಶೀಶೆಗಳಲ್ಲಿ ಐದು ಬಗೆ,
ಒಂದೊಂದು ಗುಟುಕು, ರುಚಿಗೆ.
ಕೋಟಿನ ಜೇಬಿನಲ್ಲಿ ಕಿಣಿಕಿಣಿ ಅನ್ನಿಸುತ್ತ ತಂದೆ.
ದಾರಿಯಲ್ಲಿ ಮಳೆ. ಅಂಟಿಸಿದ ಹೆಸರುಗಳೆಲ್ಲ
ಜೇಬಿನ ತಳದಲ್ಲಿ ಮುದ್ದೆ.

ಅಪ್ಪ ಮೊದಲನೆಯದನ್ನು ಬೆಳಕಿಗೆ ಹಿಡಿದ.
ಗಾಜಿನ ಒಳಮೈಯಲ್ಲಿ ಇಳಿಯುವ ಹನಿಗಳಿಗೆ ಕಾದ.
ಕುಡಿದ. ನಾಲಿಗೆಯ ತುದಿ ಕಚ್ಚುತ್ತದೆ, ನಾಯಿಮರಿ, ಅಂದ.
ಎರಡನೆಯದು, ಬಂದದ್ದೂ ಗೊತ್ತಾಗಲಿಲ್ಲ,
ಹೋದದ್ದೂ. ನಮ್ಮ ಪಾದ್ರಿ ಮನೆಗೆ ಬಂದ ಹಾಗೆ.
ಮೂರನೆಯದು ಗಂಟಲಲ್ಲೇ ಜಗಳಕ್ಕೆ ನಿಂತಿತು.
ನಾಲ್ಕನೆಯದಕ್ಕೆ ಮಾತಿಲ್ಲ.
ಹೆಬ್ಬೆರಳಿನಿಂದ ಎದೆಯ ನಡುವೆ ಒತ್ತಿ ನೋಡಿದ,
ಹಲಗೆ ಹಲಗೆಗೆ ಕೂಡಿದ ಸಂದು ನೋಡುತ್ತಿದ್ದಂತೆ.
ಇಲ್ಲಿಗೆ ಬಂದು ಕೂತಿತು, ಅಂದ. ಸೋರಿಲ್ಲ.
ಐದನೆಯದನ್ನು ಮುಟ್ಟಲಿಲ್ಲ.

ನಾಲ್ಕನೆಯ ಶೀಶೆಯ ತಳದ ಹನಿ ಹಿಡಿದು
ಮರುದಿನ ಅಂಗಡಿಗೆ ಹೋದೆ.
ಟಾರ್ಕಿಲ್ ಒಮ್ಮೆ ಮೂಸಿ, ಇನ್ನೊಮ್ಮೆ ಮೂಸಿ
ಕೆಳಗಿನ ಹಲಗೆಗೆ ಬಗ್ಗಿದ.
ಅವನು ನಿನ್ನೆ ಹೇಳಿದ್ದ ಅಗ್ಗದ್ದೇ.
ಪುಣ್ಯಾತ್ಮ, ನಗಲಿಲ್ಲ.
ದುಬಾರಿಯದಕ್ಕೆ ಸುತ್ತುವ ಕಾಗದವನ್ನೇ ಸುತ್ತಿಕೊಟ್ಟ.

ಶುಕ್ರವಾರ ರಾತ್ರಿ ಎರಡು ಲೋಟ.
ಮೂಗು ಹಿಡಿದುಕೊಂಡು ಕುಡಿ, ಅಂದ ಅಪ್ಪ,
ಚಿಕ್ಕವಳಿದ್ದಾಗ ಕಹಿ ಔಷಧಿಗೆ ಹೇಳಿದಂತೆ.
ಹಿಡಿದೆ. ಕುಡಿದೆ.
ಜೇನಿಲ್ಲ, ಹೊಗೆಯಿಲ್ಲ, ಯಾರ ಅಜ್ಜಿಯೂ ಇಲ್ಲ.
ಬರೀ ಒಂದು ಬಿಸಿ, ನಿಧಾನ ಇಳಿಯಿತು,
ಲಾಂದ್ರ ಹಿಡಿದು ಯಾರೋ ಉಗ್ರಾಣದ ಕತ್ತಲೆಯಲ್ಲಿ
ಒಂದೊಂದೇ ಪೀಪಾಯಿ ತಟ್ಟುತ್ತಾ ಹೋದಂತೆ.

ಈಗ ಬಿಡು, ಅಂದ.
ಬಿಟ್ಟೆ. ಉಸಿರಿನ ಜತೆ ಎಲ್ಲ ಒಮ್ಮೆಗೇ ನುಗ್ಗಿತು.
ಏನಿದೆ?
ಸೇಬು, ಅಂದೆ.
ಯಾವ ಸೇಬು, ಅಂದ, ಲೋಟ ಕೆಳಗಿಟ್ಟು,
ಮರದಲ್ಲಿರುವುದೋ, ಅಟ್ಟದಲ್ಲಿಟ್ಟು ತಿಂಗಳಾದದ್ದೋ?
ಸಿಪ್ಪೆಯೋ, ಒಳಗಿನದೋ?

ನಾನು ಮತ್ತೆ ಲೋಟಕ್ಕೆ ಬಗ್ಗಿದೆ.